ಬಿಡಿಸಿಕೊಂಡು ಬಂದ ಮೇಲೆ: ಮನೆಯವರು, ಓಣಿಯವರು ತಿಳಿದಿರಬೇಕಾದದ್ದು

ಘಟಪ್ರಭಾದಲ್ಲಿ ರೈಲು ಹತ್ತಿದರೆ ರಾಯಬಾಗ, ಕುಡಚಿ ದಾಟಿ ಮಿರಜ್ ಮುಟ್ಟಲು ಅರ್ಧ ದಿನವೂ ಬೇಡ. ಅಲ್ಲಿಂದ ಸಾಂಗ್ಲಿ ಪಕ್ಕದಲ್ಲೇ ಇದೆ, ಪುಣೆ ಮತ್ತು ಮುಂಬೈಗೆ ರಾತ್ರಿ ಗಾಡಿಗಳಿವೆ. ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯ ಜನ ಆಸ್ಪತ್ರೆಗೆ, ವ್ಯಾಪಾರಕ್ಕೆ, ಬೀಗರ ಮನೆಗೆ ತಲೆಮಾರುಗಳಿಂದ ಹಿಡಿದ ದಾರಿ ಇದು. ದೇವರ ಹೆಸರಿನಲ್ಲಿ ಮುತ್ತು ಕಟ್ಟಿಸಿಕೊಂಡು ದೇವದಾಸಿಯರಾದ ಹುಡುಗಿಯರನ್ನು ಲೈಂಗಿಕ ವೃತ್ತಿಗೆಂದು ಸಾಂಗ್ಲಿಗೆ, ಪುಣೆಯ ಬುಧವಾರ ಪೇಠೆಗೆ, ಮುಂಬೈನ ಕಾಮಾಠಿಪುರಕ್ಕೆ ಮುಟ್ಟಿಸಿದ್ದೂ ಇದೇ ದಾರಿಯಲ್ಲಿ. ಕರೆದುಕೊಂಡು ಹೋದವರು ಬಹಳ ಸಲ ಅಪರಿಚಿತರಾಗಿರಲಿಲ್ಲ. ಅದೇ ಊರಿನವರು, ದೂರದ ಸಂಬಂಧಿಕರು, ಮೊದಲೇ ಹೋಗಿ ಅಲ್ಲಿ ಘರವಾಲಿಯಾಗಿ, ಅಂದರೆ ವೇಶ್ಯಾಗೃಹದ ಒಡತಿಯಾಗಿ, ನೆಲೆ ನಿಂತವರು.

ಇಂಥ ಮಾನವ ಸಾಗಣೆ ತಡೆಯುವ ಬಗ್ಗೆ ನಮ್ಮಲ್ಲಿ ಜಾಥಾ, ಬೀದಿನಾಟಕ, ಶಾಲೆಯಲ್ಲಿ ಪ್ರತಿಜ್ಞೆ ಎಲ್ಲವೂ ನಡೆಯುತ್ತವೆ. ಪೊಲೀಸರು ದಾಳಿ ಮಾಡಿ ಬಿಡಿಸಿದ ದಿನ ಪತ್ರಿಕೆಯಲ್ಲಿ ಸುದ್ದಿ ಬರುತ್ತದೆ. ಬಿಡಿಸಿಕೊಂಡು ಬಂದವರು ಮರುದಿನ ಎಲ್ಲಿ ಮಲಗಿದರು, ಆರು ತಿಂಗಳ ಮೇಲೆ ಏನು ಉಂಡರು, ಮಗನನ್ನು ಶಾಲೆಗೆ ಸೇರಿಸುವಾಗ ಅರ್ಜಿಯಲ್ಲಿ ತಂದೆಯ ಹೆಸರಿನ ಮುಂದೆ ಏನು ಬರೆದರು ಎಂಬುದು ಸುದ್ದಿಯಾಗುವುದಿಲ್ಲ. ಹೊರೆಯ ಭಾರ ಇರುವುದು ಅಲ್ಲಿ. ಈ ಲೇಖನ ಬರೆದಿರುವುದು ಅಂಥವರು ತಿರುಗಿ ಬಂದ ಮನೆಯವರಿಗೆ, ಆಶಾ ಮತ್ತು ಅಂಗನವಾಡಿ ಕಾರ್ಯಕರ್ತೆಯರಿಗೆ, ಶಿಕ್ಷಕರಿಗೆ, ಪಂಚಾಯಿತಿ ಸದಸ್ಯರಿಗೆ. ಇದನ್ನು ಓದುತ್ತಿರುವವರು ಸ್ವತಃ ಹಾಗೆ ಬಂದವರಾಗಿದ್ದರೆ, ಮೊದಲು ಅವರಿಗೇ.

ಯಾರನ್ನು ಕುರಿತು ಈ ಮಾತು

ಸಾಗಣೆ ಎಂದ ಕೂಡಲೇ ಕೈಕಾಲು ಕಟ್ಟಿ ಒಯ್ದರು ಎಂದೇ ನಾವು ಊಹಿಸಿಕೊಳ್ಳುತ್ತೇವೆ. ಕಾನೂನು ಹಾಗೆ ಹೇಳುವುದಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 143ನೇ ಕಲಂ ಪ್ರಕಾರ ಬೆದರಿಸಿ, ಮೋಸ ಮಾಡಿ, ಆಮಿಷ ಒಡ್ಡಿ, ಅಧಿಕಾರ ದುರುಪಯೋಗ ಮಾಡಿ, ಶೋಷಣೆಗಾಗಿ ಒಬ್ಬರನ್ನು ಸೇರಿಸಿಕೊಂಡರೂ, ಸಾಗಿಸಿದರೂ, ಇಟ್ಟುಕೊಂಡರೂ ಅಪರಾಧವೇ. ಶಿಕ್ಷೆ 7ರಿಂದ 10 ವರ್ಷ. ಮಕ್ಕಳ ವಿಷಯದಲ್ಲಾದರೆ ಕನಿಷ್ಠ 10 ವರ್ಷ, ಜೀವಾವಧಿಯವರೆಗೂ ಹೋಗಬಹುದು. ‘ಅಕೀನs ಒಪ್ಪಿ ಹೋಗಿದ್ಳು’ ಎಂಬ ಮಾತನ್ನು ಊರಲ್ಲಿ ಯಾರು ಆಡಿದರೂ ಅದಕ್ಕೆ ಕಾನೂನಿನಲ್ಲಿ ಬೆಲೆಯಿಲ್ಲ. ಸಾಗಣೆಗೆ ಒಳಗಾದವರ ಒಪ್ಪಿಗೆ ಲೆಕ್ಕಕ್ಕೆ ಬರುವುದಿಲ್ಲ ಎಂದು ಅದೇ ಕಲಮಿನ ವಿವರಣೆ ನೇರವಾಗಿ ಹೇಳುತ್ತದೆ.

ಇದು ಹೆಣ್ಣುಮಕ್ಕಳ ಕತೆ ಮಾತ್ರವೂ ಅಲ್ಲ. ಸಕ್ಕರೆ ಕಾರ್ಖಾನೆಗಳ ಈ ಸೀಮೆಗೆ ಹಂಗಾಮು ಬಂತೆಂದರೆ ಕಬ್ಬು ಕಡಿಯುವ ಗ್ಯಾಂಗುಗಳು ಬಂದು ಇಳಿಯುತ್ತವೆ, ಇಲ್ಲಿಯ ಬಡವರೂ ಬೇರೆ ಕಡೆಯ ಇಟ್ಟಿಗೆ ಭಟ್ಟಿಗೆ, ಕಟ್ಟಡ ಕೆಲಸಕ್ಕೆ ಮುಂಗಡ ಹಿಡಿದು ಹೋಗುತ್ತಾರೆ. ಮುಂಗಡ ತೀರುವವರೆಗೆ ಜಾಗ ಬಿಡುವಂತಿಲ್ಲ, ಕೂಲಿ ಕೇಳುವಂತಿಲ್ಲ, ಮನೆಗೆ ಹೊರಟರೆ ಬೆನ್ನಟ್ಟಿ ತರುತ್ತಾರೆ ಎಂದಾದರೆ ಅದು ಜೀತ. ಜೀತ ಪದ್ಧತಿಯನ್ನು 1976ರಲ್ಲೇ ಕಾಯ್ದೆ ರದ್ದು ಮಾಡಿದೆ, ಸಂವಿಧಾನದ 23ನೇ ವಿಧಿ ಅದಕ್ಕೂ ಮೊದಲೇ ನಿಷೇಧಿಸಿದೆ. ಢಾಬಾಗಳಲ್ಲಿ ತಟ್ಟೆ ತೊಳೆಯುವ ಹುಡುಗರು, ಮನೆಗೆಲಸಕ್ಕೆಂದು ಶಹರಕ್ಕೆ ಕಳಿಸಿದ ಹುಡುಗಿಯರು, ಮದುವೆಯ ಹೆಸರಲ್ಲಿ ಗಡಿಯಾಚೆ ಕೊಟ್ಟ ಹೆಣ್ಣುಗಳು, ಇವರೆಲ್ಲರಿಗೂ ಮುಂದಿನ ಮಾತು ಅನ್ವಯಿಸುತ್ತದೆ.

ಒಂದು ಎಚ್ಚರ ಮಾತ್ರ ಇರಲಿ. ಲೈಂಗಿಕ ವೃತ್ತಿಯಲ್ಲಿರುವ ಪ್ರತಿ ವಯಸ್ಕ ಹೆಣ್ಣನ್ನೂ ಸಾಗಿಸಿಯೇ ತಂದಿರುತ್ತಾರೆ ಎಂದುಕೊಳ್ಳಬಾರದು. ಸಾಂಗ್ಲಿಯಲ್ಲಿ ಆ ವೃತ್ತಿಯ ಹೆಣ್ಣುಮಕ್ಕಳೇ ಕಟ್ಟಿಕೊಂಡ ಸಂಘಟನೆ ದಶಕಗಳಿಂದ ಇದನ್ನೇ ಹೇಳುತ್ತಿದೆ, ಅವರಲ್ಲಿ ಕನ್ನಡ ಮಾತಾಡುವವರೂ ಇದ್ದಾರೆ. ಯಾರನ್ನು ಬಲವಂತದಿಂದ ಇಟ್ಟಿದ್ದಾರೆ ಎಂಬುದು ಆಕೆಯ ಬಾಯಿಂದಲೇ ಬರಬೇಕು.

ಮೊದಲ ದಿನಗಳು

ಮನೆಗೆ ಬಂದವಳ ಸುತ್ತ ಓಣಿಯೇ ನೆರೆಯುತ್ತದೆ. ಎಲ್ಲಿದ್ದೆ, ಯಾರು ಒಯ್ದರು, ಎಷ್ಟು ಮಂದಿ, ರೊಕ್ಕ ಎಷ್ಟು ತಂದೆ. ಈ ಪ್ರಶ್ನೆಗಳಲ್ಲಿ ಒಂದನ್ನೂ ಕೇಳಬೇಡಿ. ಪೊಲೀಸರು ಕೇಳುತ್ತಾರೆ, ವೈದ್ಯರು ಕೇಳುತ್ತಾರೆ, ಮ್ಯಾಜಿಸ್ಟ್ರೇಟರು ಕೇಳುತ್ತಾರೆ. ನಾಲ್ಕನೇ ಸಲ ಅವ್ವನೂ ಕೇಳಿದರೆ ಆಕೆಗೆ ಮನೆಯೂ ಇನ್ನೊಂದು ಠಾಣೆಯೇ. ‘ಉಂಡಿಯೇನs ಯವ್ವಾ? ಇಲ್ಲೇ ಮಲಗ್ತಿಯೋ, ಅಕ್ಕನ ಮನಿಗಿ ಹೊಕ್ಕಿಯೋ?’ ಎಂದು ಕೇಳಿ. ಚಿಕ್ಕ ಮಾತೇ ಆಗಿರಬಹುದು, ಆದರೆ ವರ್ಷಗಟ್ಟಲೆ ಯಾವಾಗ ಮಲಗಬೇಕು, ಏನು ಉಡಬೇಕು ಎಂಬುದನ್ನೂ ಬೇರೆಯವರೇ ನಿಶ್ಚಯಿಸಿದ ಹೆಣ್ಣಿಗೆ ತಾನೇ ಒಂದು ನಿಶ್ಚಯ ಮಾಡುವ ಅವಕಾಶ ಅದರಿಂದ ಸಿಗುತ್ತದೆ. ಮುಂದಿನ ಎಲ್ಲ ನೆರವಿಗೂ ಇದೇ ತಳಹದಿ: ಕೇಳಿ, ಆಮೇಲೆ ಮಾಡಿ.

ರಾತ್ರಿ ನಿದ್ದೆ ಬರುವುದಿಲ್ಲ. ಬಾಗಿಲು ಬಡಿದರೆ ಬೆಚ್ಚುತ್ತಾರೆ. ತಾರೀಖು, ಊರು, ಹೆಸರು ಹಿಂದುಮುಂದಾಗುತ್ತವೆ. ಒಂದು ಕಡೆ ಒಂದು ಹೇಳಿ ಇನ್ನೊಂದು ಕಡೆ ಬೇರೆ ಹೇಳಿದರೆ ಸುಳ್ಳು ಹೇಳುತ್ತಿದ್ದಾಳೆ ಎಂದು ಅರ್ಥವಲ್ಲ, ದೀರ್ಘ ಭಯದಲ್ಲಿ ಬದುಕಿದವರ ನೆನಪು ಹಾಗೇ ಬಿಡಿಬಿಡಿಯಾಗಿ ಬರುತ್ತದೆ. ತನ್ನನ್ನು ಇಟ್ಟುಕೊಂಡವರ ಮೇಲೆ ಕೆಲವರಿಗೆ ಮಮತೆಯೂ ಇರುತ್ತದೆ, ಏಕೆಂದರೆ ಹೊಡೆದ ಕೈಯೇ ಜ್ವರ ಬಂದಾಗ ಗುಳಿಗೆ ಕೊಟ್ಟಿತ್ತು. ಕೆಲವರು ತಿರುಗಿ ಹೋಗಿಬಿಡುತ್ತಾರೆ. ಹೋದವರನ್ನು ‘ಚಟ’ ಎಂದು ಬೈಯುವ ಮೊದಲು ಇಲ್ಲಿ ಅವರಿಗೆ ಕೆಲಸ, ಕೂಳು, ಮಾತಾಡುವ ಒಬ್ಬರು ಇದ್ದರೇ ಎಂದು ನೋಡಬೇಕು. ಎರಡನೇ ಸಲ ಬಂದಾಗಲೂ ಬಾಗಿಲು ತೆರೆದಿರಲಿ. ಮನಸ್ಸಿನ ಸಂಕಟಕ್ಕೆ ಟೆಲಿ ಮಾನಸ್ ಸಹಾಯವಾಣಿ 14416 ಇದೆ. ಕನ್ನಡದಲ್ಲಿ ಮಾತಾಡಬಹುದು, ದುಡ್ಡು ಬೇಡ, ಹೆಸರು ಹೇಳಲೇಬೇಕೆಂದಿಲ್ಲ.

ಮೊಬೈಲಿನಲ್ಲಿ ಫೋಟೊ, ವಿಡಿಯೊ ಯಾರೂ ತೆಗೆಯಬಾರದು, ಹಂಚಬಾರದು. ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರ ಗುರುತು ಹೊರಹಾಕಿದರೆ ನ್ಯಾಯ ಸಂಹಿತೆಯ 72ನೇ ಕಲಂ ಪ್ರಕಾರ 2 ವರ್ಷದವರೆಗೆ ಜೈಲು. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹಂಚಿದವರಿಗೂ ಇದರಿಂದ ವಿನಾಯಿತಿ ಇಲ್ಲ.

ಇನ್ನು ಮದುವೆಯ ಅವಸರ. ‘ಒಂದು ಲಗ್ನ ಮಾಡಿಬಿಟ್ಟರೆ ಎಲ್ಲ ಸರಿಹೋಗ್ತದ’ ಎಂಬ ಹಿರಿಯರ ಸಲಹೆ ಒಳ್ಳೆಯ ಮನಸ್ಸಿನಿಂದಲೇ ಬರುತ್ತದೆ. ಆದರೂ ಆಕೆ ತಾನಾಗಿ ಕೇಳುವವರೆಗೆ ಆ ಮಾತು ಎತ್ತಬೇಡಿ. ಒಬ್ಬರ ವಶದಿಂದ ಬಿಡಿಸಿ ಇನ್ನೊಬ್ಬರ ವಶಕ್ಕೆ ಕೊಟ್ಟರೆ ಅದನ್ನು ಬಿಡುಗಡೆ ಎನ್ನಲಾಗದು.

ಆಸ್ಪತ್ರೆ, ಠಾಣೆ, ಕೋರ್ಟು

ಇತ್ತೀಚೆಗೆ ದೌರ್ಜನ್ಯ ನಡೆದಿದ್ದರೆ ಮೊದಲು ಆಸ್ಪತ್ರೆ. ಎಚ್‌ಐವಿ ತಡೆಯುವ ಗುಳಿಗೆಯನ್ನು 72 ಗಂಟೆಯೊಳಗೆ ಶುರು ಮಾಡಬೇಕು, ಎಷ್ಟು ಬೇಗ ಆದರೆ ಅಷ್ಟು ಒಳ್ಳೆಯದು. ಅತ್ಯಾಚಾರಕ್ಕೆ ಒಳಗಾದವರಿಗೆ ಸರ್ಕಾರಿ ಆಸ್ಪತ್ರೆಯಷ್ಟೇ ಅಲ್ಲ, ಖಾಸಗಿ ಆಸ್ಪತ್ರೆಯೂ ಬಿಟ್ಟಿಯಾಗಿ ಚಿಕಿತ್ಸೆ ಕೊಡಲೇಬೇಕು. ‘ಮೊದಲು ಎಫ್‌ಐಆರ್ ತನ್ನಿ’ ಎಂದು ಹಿಂದಕ್ಕೆ ಕಳಿಸುವಂತಿಲ್ಲ. ತಪಾಸಣೆಗೆ ಆಕೆಯ ಒಪ್ಪಿಗೆ ಬೇಕು, ಬೇಡ ಎನ್ನುವ ಹಕ್ಕೂ ಆಕೆಗಿದೆ. ಬೇಡದ ಗರ್ಭ ನಿಂತಿದ್ದರೆ, ಅತ್ಯಾಚಾರಕ್ಕೆ ಒಳಗಾದವರಿಗೆ ಮತ್ತು ಅಪ್ರಾಪ್ತರಿಗೆ ಗರ್ಭಪಾತ ಕಾಯ್ದೆಯ 2021ರ ತಿದ್ದುಪಡಿ 24 ವಾರದವರೆಗೆ ಅದನ್ನು ತೆಗೆಸಲು ಅವಕಾಶ ಕೊಟ್ಟಿದೆ. ಹಳೆಯ ಸೋಂಕು, ಕ್ಷಯ, ರಕ್ತಹೀನತೆ, ಮೂಳೆ ಮುರಿದು ಸರಿಯಾಗಿ ಕೂಡದ ಕೈಗಳು, ಇವನ್ನು ಆಕೆ ತಾನಾಗಿ ಹೇಳಿಕೊಳ್ಳುವುದಿಲ್ಲ. ಪೂರ್ತಿ ತಪಾಸಣೆ ಮಾಡಿಸಿ. ಎಚ್‌ಐವಿ ಪರೀಕ್ಷೆಯ ಫಲಿತಾಂಶ ಮಾತ್ರ ಆಕೆಯದು, ಮನೆಯವರದಲ್ಲ.

ಪೊಲೀಸ್ ದೂರಿನ ಬಗ್ಗೆ ನಮ್ಮ ಜನಕ್ಕೆ ಒಂದು ತಪ್ಪು ತಿಳಿವಳಿಕೆ ಇದೆ. ಘಟನೆ ಸಾಂಗ್ಲಿಯಲ್ಲೋ ಪುಣೆಯಲ್ಲೋ ನಡೆದಿದ್ದರೆ ಅಲ್ಲಿಗೇ ಹೋಗಬೇಕು ಎಂದು ಕೈಚೆಲ್ಲುತ್ತಾರೆ. ಹಾಗಿಲ್ಲ. ಗೋಕಾಕ, ಘಟಪ್ರಭಾ, ಮೂಡಲಗಿ, ಹುಕ್ಕೇರಿ, ಸಂಕೇಶ್ವರ, ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು. ಅವರು ಅದನ್ನು ‘ಝೀರೊ ಎಫ್‌ಐಆರ್’ ಎಂದು ದಾಖಲಿಸಿ ಆ ಊರಿಗೆ ಕಳಿಸಬೇಕು, ಅದರ ಪ್ರತಿಯನ್ನು ಬಿಟ್ಟಿಯಾಗಿ ಕೊಡಬೇಕು. ಹೇಳಿಕೆಗೆಂದು ಹೆಣ್ಣುಮಕ್ಕಳನ್ನು ಠಾಣೆಗೆ ಕರೆಸುವಂತಿಲ್ಲ, ಅವರಿರುವಲ್ಲಿಗೇ ಪೊಲೀಸರು ಬರಬೇಕು. ಕೇಸು ನಡೆಯುವುದು ಮಹಾರಾಷ್ಟ್ರದಲ್ಲಾದರೆ ಪ್ರತಿ ತಾರೀಖಿಗೆ ಕೂಲಿ ಬಿಟ್ಟು ಓಡಾಡಲು ಯಾರಿಂದಾದೀತು? ಸಾಕ್ಷಿಯನ್ನು ವಿಡಿಯೊ ಮೂಲಕ ಹತ್ತಿರದ ಕೋರ್ಟಿನಿಂದಲೇ ಹೇಳಿಸಲು ಕೇಳಿಕೊಳ್ಳಬಹುದು. ಸಾಗಣೆಗೆ ಒಳಗಾದ ಮಕ್ಕಳ ಸಾಕ್ಷ್ಯಕ್ಕೆ ಈ ವಿಧಾನವನ್ನು ಸುಪ್ರೀಂ ಕೋರ್ಟ್ 2022ರಲ್ಲೇ ಒಪ್ಪಿದೆ. ಬೆದರಿಕೆ ಇದ್ದರೆ ಸಾಕ್ಷಿ ರಕ್ಷಣಾ ಯೋಜನೆಯಡಿ ಅರ್ಜಿ ಹಾಕಬಹುದು. ದಲ್ಲಾಳಿ ಅದೇ ಊರಿನವನಾಗಿದ್ದು ಜಾಮೀನಿನ ಮೇಲೆ ಬಂದು ಅದೇ ಚಹಾದಂಗಡಿಯಲ್ಲಿ ಕೂರುವ ಸೀಮೆಯಿದು. ಅಲ್ಲಿ ಈ ಅರ್ಜಿ ಬೇಕೇ ಬೇಕಾಗುತ್ತದೆ.

ಇಷ್ಟನ್ನೆಲ್ಲ ಒಬ್ಬರೇ ಮಾಡಲಾಗದು, ವಕೀಲರು ಬೇಕು. 1987ರ ಕಾನೂನು ಸೇವಾ ಪ್ರಾಧಿಕಾರ ಕಾಯ್ದೆಯ 12ನೇ ಕಲಂ ಸಾಗಣೆಗೆ ಮತ್ತು ಜೀತಕ್ಕೆ ಒಳಗಾದವರನ್ನು ಹೆಸರಿಸಿಯೇ ಉಚಿತ ವಕೀಲರ ಹಕ್ಕು ಕೊಟ್ಟಿದೆ, ಆದಾಯದ ಮಿತಿ ಕೇಳುವಂತಿಲ್ಲ. ಬೆಳಗಾವಿಯಲ್ಲಿ ಜಿಲ್ಲಾ ಪ್ರಾಧಿಕಾರ, ತಾಲ್ಲೂಕು ಮಟ್ಟದಲ್ಲಿ ಕೋರ್ಟಿನ ಆವರಣದಲ್ಲೇ ಅದರ ಸಮಿತಿ ಇರುತ್ತದೆ, ಫೋನ್ 15100. ಪರಿಹಾರದ ಹಣಕ್ಕೂ ಅರ್ಜಿ ಕೊಡಬೇಕಾದದ್ದು ಇಲ್ಲೇ. ಬಹಳ ಜನ ಕೇಸು ಗೆದ್ದ ಮೇಲೆ ಪರಿಹಾರ ಎಂದು ತಿಳಿದು ಕಾದು ಕೂರುತ್ತಾರೆ. ಆರೋಪಿ ಪತ್ತೆಯೇ ಆಗದಿದ್ದರೂ, ವಿಚಾರಣೆಯೇ ನಡೆಯದಿದ್ದರೂ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 396ನೇ ಕಲಮಿನಡಿ ಪರಿಹಾರ ಕೇಳಬಹುದು, ಪ್ರಾಧಿಕಾರ ಎರಡು ತಿಂಗಳೊಳಗೆ ತೀರ್ಮಾನಿಸಬೇಕು.

ಮಕ್ಕಳು ಕಾಣೆಯಾದ ಪ್ರಕರಣದಲ್ಲಿ ‘ನಾಳೆ ನೋಡೋಣ, ಬೀಗರ ಮನೆಗೆ ಹೋಗಿರಬಹುದು’ ಎಂಬ ಮಾತಿಗೆ ಒಪ್ಪಬೇಡಿ. ಕೂಡಲೇ ಎಫ್‌ಐಆರ್ ಆಗಬೇಕೆಂದು ಸುಪ್ರೀಂ ಕೋರ್ಟ್ 2013ರಲ್ಲಿ ಆದೇಶಿಸಿದೆ. ಸಿಕ್ಕ ಮಗುವನ್ನು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ (ಪೋಕ್ಸೊ) ಪ್ರಕರಣವಾದರೆ ತನಿಖೆಯಿಂದ ತೀರ್ಪಿನವರೆಗೆ ಜತೆಗಿರುವ ಒಬ್ಬ ಸಹಾಯಕ ವ್ಯಕ್ತಿಯನ್ನು ಆ ಸಮಿತಿಯಿಂದಲೇ ಕೇಳಿ ಪಡೆಯಿರಿ.

ಆಶ್ರಯ ಮನೆ ಎಂಬುದು ಸೆರೆಮನೆಯಲ್ಲ

ದಾಳಿಯಲ್ಲಿ ಬಿಡಿಸಿದವರನ್ನು ಮ್ಯಾಜಿಸ್ಟ್ರೇಟರ ಆದೇಶದ ಮೇಲೆ ಆಶ್ರಯ ಮನೆಗೆ ಕಳಿಸುತ್ತಾರೆ. ಹಿಂದಿನ ಸ್ವಾಧಾರ ಗೃಹ, ಉಜ್ವಲಾ ಕೇಂದ್ರಗಳೇ ಈಗ ‘ಶಕ್ತಿ ಸದನ’ ಎಂಬ ಹೆಸರಲ್ಲಿವೆ. ಕೆಲವರಿಗೆ ಇದು ನಿಜವಾದ ಆಸರೆ, ಮನೆಯವರೇ ಮಾರಿದ್ದರೆ ಮನೆಗೆ ಹೋಗುವುದಾದರೂ ಹೇಗೆ? ಇನ್ನು ಕೆಲವರಿಗೆ ಬೀಗ ಹಾಕಿದ ಗೇಟು, ಮಕ್ಕಳ ಮುಖ ನೋಡದ ತಿಂಗಳುಗಳು. ವಯಸ್ಕ ಹೆಣ್ಣನ್ನು ಆಕೆಯ ಇಚ್ಛೆಗೆ ವಿರುದ್ಧವಾಗಿ ಕೂಡಿಹಾಕುವುದು ತಪ್ಪು. 2020ರ ಸೆಪ್ಟೆಂಬರಿನಲ್ಲಿ ಬಾಂಬೆ ಹೈಕೋರ್ಟ್ ಮೂವರು ಯುವತಿಯರನ್ನು ಇದೇ ಕಾರಣಕ್ಕೆ ಬಿಡುಗಡೆ ಮಾಡಿತು. 2022ರ ಮೇ 19ರ ಆದೇಶದಲ್ಲಿ ಸುಪ್ರೀಂ ಕೋರ್ಟ್, ಒಲ್ಲದ ಮನಸ್ಸಿನಿಂದ ಇಂಥ ಮನೆಗಳಲ್ಲಿರುವ ವಯಸ್ಕರನ್ನು ಗುರುತಿಸಿ ಬಿಡಲು ಕ್ರಮ ಕೈಗೊಳ್ಳುವಂತೆ ರಾಜ್ಯಗಳಿಗೆ ಹೇಳಿತು. ನಿಮ್ಮ ಮನೆಯ ಹೆಣ್ಣುಮಗಳು ಅಂಥ ಕಡೆ ಇದ್ದರೆ, ವಕೀಲರ ಮೂಲಕ ಆಕೆಯ ಇಚ್ಛೆಯನ್ನು ಕೋರ್ಟಿಗೆ ತಿಳಿಸಿ.

ಕಾಗದ, ಕೂಲಿ, ಕೂಳು

ಆರು ತಿಂಗಳ ಮೇಲೆ ಕೈಹಿಡಿಯುವುದು ಕಾಗದಪತ್ರ. ಸಾಗಿಸಿದವರು ಮೊದಲು ಕಿತ್ತುಕೊಳ್ಳುವುದೂ ಅದನ್ನೇ. ಆಧಾರ್ ಇಲ್ಲದೆ ರೇಷನ್ ಕಾರ್ಡಿಲ್ಲ, ರೇಷನ್ ಕಾರ್ಡಿಲ್ಲದೆ ಗೃಹಲಕ್ಷ್ಮಿಯ ಹಣವಿಲ್ಲ. ಬ್ಯಾಂಕ್ ಖಾತೆ ಆಕೆಯ ಒಬ್ಬಳ ಹೆಸರಿನಲ್ಲೇ ಇರಲಿ, ಅಣ್ಣನ ಜತೆ ಜಂಟಿಯಾಗಿ ಬೇಡ. ಮೊಬೈಲ್ ನಂಬರೂ ಆಕೆಯದೇ ಇರಲಿ. ಪರಿಹಾರದ ಹಣ ಬಂದ ವಾರವೇ ಸಂಬಂಧಿಕರು ಸಾಲ ಕೇಳಿಕೊಂಡು ಬರುವುದು ಈ ಸೀಮೆಗೆ ಹೊಸದಲ್ಲ.

ಜೀತದಿಂದ ಬಿಡುಗಡೆಯಾದವರ ಕೀಲಿ ಇರುವುದು ಒಂದೇ ಕಾಗದದಲ್ಲಿ, ಬಿಡುಗಡೆ ಪತ್ರ. ಉಪವಿಭಾಗಾಧಿಕಾರಿ ವಿಚಾರಣೆ ನಡೆಸಿ ಅದನ್ನು ಕೊಡಬೇಕು. ಆ ಪತ್ರ ಇದ್ದರೆ ಮುಂಗಡದ ಸಾಲ ಸತ್ತಂತೆ, ಯಾರೂ ವಸೂಲಿ ಮಾಡುವಂತಿಲ್ಲ. ತಕ್ಷಣದ ನೆರವಾಗಿ 30 ಸಾವಿರ ರೂಪಾಯಿವರೆಗೆ, ಆಮೇಲೆ ಪುನರ್ವಸತಿಗೆ ಗಂಡಸಿಗೆ 1 ಲಕ್ಷ, ಹೆಂಗಸು ಮತ್ತು ಮಕ್ಕಳಿಗೆ 2 ಲಕ್ಷ, ಸಾಗಣೆ ಅಥವಾ ಲೈಂಗಿಕ ಶೋಷಣೆಯೂ ಸೇರಿದ್ದರೆ 3 ಲಕ್ಷದ ಕೇಂದ್ರ ಯೋಜನೆ ಇದೆ. ಅಧಿಕಾರಿಗಳು ಇದನ್ನು ‘ಕೂಲಿ ತಕರಾರು’ ಎಂದು ಬರೆದು ಮುಗಿಸಲು ನೋಡಿದರೆ, ಜೀತ ಎಂದೇ ಬರೆಯುವಂತೆ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಆ ಒಂದು ಪದದ ಮೇಲೆ ಒಂದು ಕುಟುಂಬದ ಮುಂದಿನ ಹತ್ತು ವರ್ಷ ನಿಂತಿದೆ.

ಮುತ್ತು ಕಟ್ಟಿಸಿಕೊಂಡವರಿಗೆ ರಾಜ್ಯ ಮಹಿಳಾ ಅಭಿವೃದ್ಧಿ ನಿಗಮದಿಂದ ಮಾಸಾಶನ, ಸಾಲ, ನಿವೇಶನ-ಮನೆಯ ಯೋಜನೆಗಳಿವೆ. ಲೈಂಗಿಕ ವೃತ್ತಿಯಿಂದ ಹೊರಬರುವವರಿಗೆ ‘ಚೇತನಾ’, ಎಚ್‌ಐವಿ ಸೋಂಕಿತ ಹೆಣ್ಣುಮಕ್ಕಳಿಗೆ ‘ಧನಶ್ರೀ’ ಇವೆ. ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಯ (ಸಿಡಿಪಿಒ) ಕಚೇರಿಯಲ್ಲಿ ವಿಚಾರಿಸಿ. ಮಾಸಾಶನದ್ದೇ ಒಂದು ನೋವಿನ ಕತೆ. 1993-94ರಲ್ಲಿ ಮತ್ತು 2007-08ರಲ್ಲಿ ನಡೆದ ಎರಡು ಸಮೀಕ್ಷೆಗಳಲ್ಲಿ ಒಟ್ಟು 46,660 ದೇವದಾಸಿಯರ ಹೆಸರು ದಾಖಲಾಯಿತು, ಮಾಸಾಶನಕ್ಕೆ ಆ ಪಟ್ಟಿಯೇ ಆಧಾರವಾಯಿತು. ಸಮೀಕ್ಷೆಯ ದಿನ ಪುಣೆಯಲ್ಲೋ ಮುಂಬೈಯಲ್ಲೋ ಇದ್ದವಳ ಹೆಸರು ಪಟ್ಟಿಗೆ ಬರುವುದು ಹೇಗೆ? ಹೆಚ್ಚು ದೂರ ಸಾಗಿಸಲ್ಪಟ್ಟವಳೇ ಹೆಚ್ಚು ಹೊರಗುಳಿದಳು. ಇದು ಅನ್ಯಾಯ, ಸರಿಪಡಿಸಲೇಬೇಕಾದ ಅನ್ಯಾಯ.

ಮಕ್ಕಳ ವಿಷಯದಲ್ಲಿ ಈಚೆಗೆ ಒಂದು ಬಾಗಿಲು ತೆರೆದಿದೆ. 1982ರ ಕಾಯ್ದೆ ಮುತ್ತು ಕಟ್ಟುವುದನ್ನು ಅಪರಾಧವೆಂದಿತು, ಪುನರ್ವಸತಿಯ ಬಗ್ಗೆ ಹೆಚ್ಚೇನೂ ಹೇಳಲಿಲ್ಲ. 2025ರಲ್ಲಿ ರಾಜ್ಯ ವಿಧಾನಮಂಡಲ ಒಪ್ಪಿದ ಹೊಸ ಮಸೂದೆಯ ಹೆಸರಿನಲ್ಲೇ ಪರಿಹಾರ, ಪುನರ್ವಸತಿ ಸೇರಿವೆ. ದೇವದಾಸಿಯ ಮಗು ಅರ್ಜಿಗಳಲ್ಲಿ ತಂದೆಯ ಹೆಸರು ಬರೆಯಲೇಬೇಕೆಂಬ ಒತ್ತಾಯ ಅದರಲ್ಲಿಲ್ಲ, ತಂದೆ ಯಾರೆಂದು ಗುರುತಿಸಿ ಆಸ್ತಿಯಲ್ಲಿ ಪಾಲು ಕೇಳಲೂ ದಾರಿಯಿದೆ. ಮುಖ್ಯಾಧ್ಯಾಪಕರೇ, ತಾಯಿಯ ಹೆಸರು ಬರೆದುಕೊಂಡು ಮಗುವನ್ನು ದಾಖಲು ಮಾಡಿಕೊಳ್ಳಿ. ಹಾಜರಿ ಕೂಗುವಾಗ ತರಗತಿಯ ಮುಂದೆ ‘ಅಪ್ಪನ ಹೆಸರು ಏನೋ?’ ಎಂದು ಕೇಳಬೇಡಿ.

ಘಟಪ್ರಭಾದ ಹೆಣ್ಣುಮಕ್ಕಳು ಕಲಿಸಿದ್ದು

ನೆರವಿನ ಮಾದರಿಗಾಗಿ ಈ ಸೀಮೆಯವರು ದೂರ ಹುಡುಕಬೇಕಿಲ್ಲ. 1990ರ ದಶಕದ ಆರಂಭದಲ್ಲಿ ಮೈರಾಡ ಎಂಬ ಸ್ವಯಂಸೇವಾ ಸಂಸ್ಥೆ ಮಹಿಳಾ ಅಭಿವೃದ್ಧಿ ನಿಗಮದ ಜತೆಗೂಡಿ ಬೆಳಗಾವಿ ಜಿಲ್ಲೆಯಲ್ಲಿ ದೇವದಾಸಿ ಪುನರ್ವಸತಿ ಕೆಲಸಕ್ಕೆ ಇಳಿಯಿತು. ಸವದತ್ತಿಯ ಯಲ್ಲಮ್ಮನ ಗುಡ್ಡ, ಅಥಣಿ ತಾಲ್ಲೂಕಿನ ಕೊಕಟನೂರಿನ ಜಾತ್ರೆ, ಹುಣ್ಣಿಮೆಯ ದಿನಗಳು, ಮುತ್ತು ಕಟ್ಟುವುದನ್ನು ತಡೆಯಲು ಎಲ್ಲ ಕಡೆ ಕಾವಲು ಬೇಕಿತ್ತು. ಪೊಲೀಸ್ ಕಾವಲು ಬಿಗಿಯಾದಂತೆ ಮುತ್ತು ಕಟ್ಟುವುದು ಗುಟ್ಟಾಗಿ ಮನೆಯೊಳಗೆ ಸರಿಯಿತು. ಮನೆಯೊಳಗೆ ನಡೆಯುವುದನ್ನು ಯಾರು ತಿಳಿಯಬಲ್ಲರು? ಅದೇ ಕೇರಿಯಲ್ಲಿರುವ, ತನಗೂ ಅದೇ ಆಗಿದ್ದ ಹೆಣ್ಣು.

1997ರಲ್ಲಿ ಆ ಹೆಣ್ಣುಮಕ್ಕಳೇ ಸೇರಿ ಘಟಪ್ರಭಾದಲ್ಲಿ ‘ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆ’ ಕಟ್ಟಿದರು. ಮಾಸ್ ಎಂದರೆ ಈ ಕಡೆ ಎಲ್ಲರಿಗೂ ಗೊತ್ತು. ಚಿಕ್ಕೋಡಿ ತಾಲ್ಲೂಕಿನ ಕಬ್ಬೂರಿನ ಸೀತವ್ವ ಜೋಡಟ್ಟಿ, ಬಾಲ್ಯದಲ್ಲೇ ಮುತ್ತು ಕಟ್ಟಿಸಿಕೊಂಡವರು, ಅದರ ಮುಂದಾಳಾದರು. 2018ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಪ್ರಶಸ್ತಿಗಿಂತ ನನಗೆ ದೊಡ್ಡದಾಗಿ ಕಾಣುವುದು ಅವರ ಕೆಲಸದ ರೀತಿ. ಹಳ್ಳಿಹಳ್ಳಿಯಲ್ಲಿ ಸ್ವಸಹಾಯ ಸಂಘ, ವಾರದ ಉಳಿತಾಯ, ಎಮ್ಮೆಗೋ ಅಂಗಡಿಗೋ ಸಣ್ಣ ಸಾಲ, ಮಕ್ಕಳ ಓದು, ಕಾನೂನಿನ ತಿಳಿವಳಿಕೆ. ಮುತ್ತು ಕಟ್ಟುವ ಸುದ್ದಿ ಬಂದರೆ ಆ ಮನೆಗೆ ಮೊದಲು ಇವರೇ ಹೋಗಿ ಕೂತು ಮಾತಾಡುವುದು. 1982ರ ಕಾಯ್ದೆ ಹೆತ್ತವರಿಗೆ 2ರಿಂದ 5 ವರ್ಷ ಜೈಲು ಎಂದಿತು, ಆದ್ದರಿಂದ ಕುಟುಂಬಗಳು ಅಧಿಕಾರಿಯ ಮುಂದೆ ಬಾಯಿ ಬಿಡುವುದಿಲ್ಲ. ಅದೇ ನೋವು ಉಂಡವಳ ಮುಂದೆ ಬಿಡುತ್ತವೆ.

ಕೊರಳಲ್ಲಿ ಮುತ್ತು ಇದ್ದವರೇ ಲೆಕ್ಕದ ಪುಸ್ತಕ ಹಿಡಿದದ್ದು, ಬ್ಯಾಂಕಿನ ಮ್ಯಾನೇಜರರ ಎದುರು ಕುರ್ಚಿಯಲ್ಲಿ ಕೂತು ಮಾತಾಡಿದ್ದು ಯಾವ ಸಮಾಲೋಚನೆಯೂ ಕೊಡಲಾರದ ಬಲ ಕೊಟ್ಟಿತು. ಸರ್ಕಾರದ ಹೊಲಿಗೆ ಯಂತ್ರ ಕೊಟ್ಟು ಫೋಟೊ ತೆಗೆಸಿಕೊಂಡು ಹೋಗುವ ಪುನರ್ವಸತಿಗೂ ಇದಕ್ಕೂ ಅಜಗಜಾಂತರ. ಹೊಲಿಯಲು ಗಿರಾಕಿ ಎಲ್ಲಿಂದ ಬರುತ್ತಾರೆ ಎಂದು ಯಂತ್ರ ಕೊಟ್ಟವರು ಕೇಳಿರುವುದಿಲ್ಲ. ಆಕೆಗೆ ಏನು ಬರುತ್ತದೆ, ಏನು ಬೇಕು ಎಂದು ಕೇಳಿದರೆ ಕೆಲವರು ಕುರಿ ಎನ್ನುತ್ತಾರೆ, ಕೆಲವರು ಸಂತೆಯಲ್ಲಿ ಬಳೆ ಅಂಗಡಿ ಎನ್ನುತ್ತಾರೆ, ಬಿಟ್ಟ ಶಾಲೆಗೆ ಮತ್ತೆ ಹೋಗುತ್ತೇನೆ ಎನ್ನುವವರೂ ಇದ್ದಾರೆ. ಆದ್ದರಿಂದ ನಿಮ್ಮ ಊರಿಗೆ ಯಾರಾದರೂ ತಿರುಗಿ ಬಂದಾಗ, ಅಧಿಕಾರಿಯ ಹತ್ತಿರ ಓಡುವ ಜತೆಗೇ ಆ ದಾರಿ ನಡೆದು ಬಂದ ಇನ್ನೊಬ್ಬ ಹೆಣ್ಣುಮಗಳ ಹತ್ತಿರ ಆಕೆಯನ್ನು ಕರೆದುಕೊಂಡು ಹೋಗಿ. ಮೊದಲ ಸಲ ಬರೀ ಕೂತು ಬಂದರೂ ಸಾಕು.

ನಮ್ಮ ಪಂಚಾಯಿತಿ ಕಟ್ಟಡ, ಶಾಲೆ, ಆರೋಗ್ಯ ಉಪಕೇಂದ್ರ, ಬಸ್‌ಸ್ಟ್ಯಾಂಡಿನ ಗೋಡೆಗಳಲ್ಲಿ ಜಾಗ ಬೇಕಾದಷ್ಟಿದೆ. ತುರ್ತಿಗೆ 112, ಮಕ್ಕಳಿಗೆ 1098, ಹೆಣ್ಣುಮಕ್ಕಳಿಗೆ 181, ಉಚಿತ ವಕೀಲರಿಗೆ 15100, ಮನಸ್ಸಿನ ನೆರವಿಗೆ 14416. 181ಕ್ಕೆ ಫೋನು ಮಾಡಿದರೆ ಬೆಳಗಾವಿಯ ಸಖಿ ಕೇಂದ್ರಕ್ಕೆ ಸಂಪರ್ಕ ಸಿಗುತ್ತದೆ, ಚಿಕಿತ್ಸೆ, ವಕೀಲರು, ಪೊಲೀಸ್, ಕೆಲವು ದಿನದ ವಸತಿ ಎಲ್ಲ ಅಲ್ಲಿ ಒಂದೇ ಸೂರಿನಡಿ. ಈ ಐದು ನಂಬರುಗಳನ್ನು ದೊಡ್ಡ ಅಕ್ಷರದಲ್ಲಿ, ಕನ್ನಡದಲ್ಲೂ ಮರಾಠಿಯಲ್ಲೂ, ಮುಂದಿನ ಗ್ರಾಮಸಭೆಗೆ ಮೊದಲು ಬರೆಸಿಬಿಡಿ.